ಆಳುವವರ ನಿವಾಸದ ತೋಟ: ಅದರ ಚರಿತ್ರೆಯನ್ನು ಹುಡುಕಿ ಬರೆಯುವ ಕ್ರಮ

ದಸರೆಯ ದಿನಗಳಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಹೂವಿನಿಂದ ಕಟ್ಟಿದ ಆಕೃತಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುವುದು ವಾಡಿಕೆ. ಪ್ರದರ್ಶನದ ಮಟ್ಟಿಗೆ ಅದು ಸರಿ. ಆದರೆ ಒಂದು ಅರಮನೆಯದೋ ರಾಷ್ಟ್ರಪತಿ ಭವನದ್ದೋ ತೋಟದ ಚರಿತ್ರೆಯನ್ನು ಬರೆಯಲು ಹೊರಟವರು ಕೂಡ ಹೂವಿನಿಂದಲೇ ಆರಂಭಿಸಿದರೆ ಬರಹ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ. ಏಕೆಂದರೆ ಅಂಥ ತೋಟದಲ್ಲಿ ಕಣ್ಣಿಗೆ ಮೊದಲು ಬೀಳುವ ಹೂವೇ ಅಲ್ಲಿರುವ ವಸ್ತುಗಳಲ್ಲೆಲ್ಲ ಹೊಸದು. ಪಾತಿಯಲ್ಲಿರುವ ಸೇವಂತಿಗೆಯನ್ನೂ ಚೆಂಡುಹೂವನ್ನೂ ಈ ಹಂಗಾಮಿಗೆ ನೆಟ್ಟಿರುತ್ತಾರೆ, ಮುಂದಿನ ಹಂಗಾಮಿಗೆ ಕಿತ್ತು ಹಾಕುತ್ತಾರೆ. ನೀರು ಬರುವ ದಾರಿ, ನೆಲದ ಏರಿಳಿತ, ಗೋಡೆ, ಬಾಗಿಲು, ದೊಡ್ಡ ಮರಗಳು, ಅಡುಗೆಮನೆಗೆ ತರಕಾರಿ ಬೆಳೆದ ಮೂಲೆ ಇವು ಹೂವಿಗಿಂತ ಹಳೆಯವು, ಮತ್ತು ಆ ಮನೆಯಲ್ಲಿ ಇದ್ದವರು ಯಾರು, ಅವರಿಗೆ ಏನು ಬೇಕಿತ್ತು ಎಂಬುದನ್ನು ಹೂವಿಗಿಂತ ಸ್ಪಷ್ಟವಾಗಿ ಹೇಳುವಂಥವು.

ಈ ಕ್ರಮವನ್ನು ಮೈಸೂರು ಮತ್ತು ಮಂಡ್ಯ ಸೀಮೆಯ ಅಧ್ಯಾಪಕರು, ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು ಮತ್ತು ಊರಿನ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಹವ್ಯಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಉದಾಹರಣೆಗಾಗಿ ದೂರದ ತೋಟವೊಂದನ್ನು, ಅಂದರೆ ದೆಹಲಿಯ ರಾಷ್ಟ್ರಪತಿ ಭವನದ ತೋಟವನ್ನು ಮುಖ್ಯವಾಗಿ ಇಟ್ಟುಕೊಂಡು, ಅದರ ಪಕ್ಕಕ್ಕೆ ನಾವು ಬಸ್ಸು ಹತ್ತಿ ಹೋಗಿ ನೋಡಬಹುದಾದ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್, ಗಂಜಾಮಿನ ಲಾಲ್ ಬಾಗ್, ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಇವುಗಳನ್ನು ಇರಿಸಿಕೊಂಡಿದೆ. ದೂರದ ತೋಟವನ್ನು ದಾಖಲೆಗಳಿಂದ ಓದಬೇಕು, ಹತ್ತಿರದ ತೋಟವನ್ನು ನಡೆದು ಓದಬೇಕು. ಎರಡನ್ನೂ ಜೊತೆಯಾಗಿ ಮಾಡಿದವರಿಗೆ ದಾಖಲೆಯಲ್ಲಿರುವ ಮಾತು ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬ ಅಂದಾಜು ಬೇಗ ಸಿಗುತ್ತದೆ.

ಮೊದಲು ಗಡಿ, ಆಮೇಲೆ ಇಸವಿ

ಕೆಲಸಕ್ಕೆ ಕೂರುವ ಮೊದಲು ನೀವು ಬರೆಯುವುದು ಯಾವ ನೆಲದ ಚರಿತ್ರೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ರಾಷ್ಟ್ರಪತಿ ಭವನದ ಇಡೀ ಆವರಣ ಸುಮಾರು 330 ಎಕರೆ; ಅದರಲ್ಲಿ ಜನ ನೋಡಲು ಹೋಗುವ ಪ್ರಸಿದ್ಧ ತೋಟ ಸುಮಾರು 15 ಎಕರೆ ಮಾತ್ರ. ಉಳಿದದ್ದರಲ್ಲಿ ನೌಕರರ ವಸತಿ, ರಸ್ತೆ, ತರಕಾರಿ ತೋಟ, ಮರಗಾವಲು ಎಲ್ಲವೂ ಇವೆ. 15 ಎಕರೆಯ ಕಥೆಯನ್ನು 330 ಎಕರೆಯ ಕಥೆಯೆಂದು ಬರೆಯುವುದು ಈ ವಿಷಯದಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ಗಡಿ ಗುರುತಿಸಿದ ಮೇಲೆ, ತೋಟವಾಗುವ ಮೊದಲು ಆ ನೆಲ ಏನಾಗಿತ್ತು ಎಂದು ಕೇಳಿ. ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವ ನಿರ್ಧಾರ 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ಪ್ರಕಟವಾಯಿತು. ಈಗ ರಾಷ್ಟ್ರಪತಿ ಭವನವಾಗಿರುವ ವೈಸ್‌ರಾಯ್ ಭವನಕ್ಕೆ ಜಾಗ ಬಂದದ್ದು ರೈಸಿನಾ, ಮಾಲ್ಚಾ ಹಳ್ಳಿಗಳ ಜಮೀನಿನಿಂದ. ಸ್ವಾಧೀನಕ್ಕೆ ಬಳಸಿದ್ದು 1894ರ ಭೂಸ್ವಾಧೀನ ಕಾಯಿದೆ. ಮಂಡ್ಯದವರಿಗೆ ಈ ಪ್ರಶ್ನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಬೃಂದಾವನದ ಮೇಲುಗಡೆ ನಿಂತ ನೀರಿನಡಿ ಹಳೆಯ ಕನ್ನಂಬಾಡಿ ಊರಿತ್ತೆಂಬುದು ಇಲ್ಲಿ ಮಕ್ಕಳಿಗೂ ತಿಳಿದ ಸಂಗತಿ, ಕಟ್ಟೆಗೆ ಇಂದಿಗೂ ಆ ಊರಿನ ಹೆಸರೇ ನಡೆಯುತ್ತಿದೆ. ತೋಟದ ಚರಿತ್ರೆಯ ಮೊದಲ ಪುಟದಲ್ಲಿ ಹೊಲದ ಹೆಸರಾಗಲಿ ಊರಿನ ಹೆಸರಾಗಲಿ ಬರಬೇಕು, ಅದು ಸಿಕ್ಕುವವರೆಗೂ ಎರಡನೆಯ ಪುಟಕ್ಕೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಇಸವಿಗಳು. ಒಂದು ತೋಟಕ್ಕೆ ಒಂದೇ ಹುಟ್ಟಿದ ವರ್ಷ ಇರುವುದಿಲ್ಲ. ಆಲೋಚನೆ ಹುಟ್ಟಿದ್ದು, ನಕ್ಷೆ ಸಿದ್ಧವಾದದ್ದು, ಗಿಡ ನೆಟ್ಟದ್ದು ಹೀಗೆ ಕನಿಷ್ಠ ಮೂರು ಇಸವಿಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ರಾಷ್ಟ್ರಪತಿ ಭವನದ ತೋಟಕ್ಕೆ ಮೊಗಲ್ ಮಾದರಿ ಇರಲಿ ಎಂಬ ಒಲವಿಗೆ ಪ್ರೇರಣೆಯಾದವರು ವೈಸ್‌ರಾಯ್ ಹಾರ್ಡಿಂಜರ ಪತ್ನಿ ಲೇಡಿ ಹಾರ್ಡಿಂಜ್ ಎಂದು ಹೇಳುತ್ತಾರೆ; ಆಕೆ ತೀರಿಕೊಂಡದ್ದು 1914ರಲ್ಲಿ. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ತೋಟದ ನಕ್ಷೆಯನ್ನು ಅಂತಿಮಗೊಳಿಸಿದ್ದು 1917ರಲ್ಲಿ. ಗಿಡಗಳನ್ನು ನೆಟ್ಟದ್ದು 1928-29ರಲ್ಲಿ. ಕಟ್ಟಡದಲ್ಲಿ ಮೊದಲು ವಾಸಕ್ಕೆ ಬಂದವರು ಲಾರ್ಡ್ ಇರ್ವಿನ್, 1929ರಲ್ಲಿ. ಬಯಸಿದವರು ತೋಟವನ್ನು ಕಾಣಲಿಲ್ಲ, ಕಂಡವರು ಅದನ್ನು ಬಯಸಿದವರಲ್ಲ. ಹಾಗಿರುವಾಗ 'ಈ ತೋಟವನ್ನು ಇಂಥವರು ಮಾಡಿಸಿದರು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರೆ ಹನ್ನೆರಡಕ್ಕೂ ಹೆಚ್ಚು ವರ್ಷಗಳ ಕಥೆ ಕೈಬಿಟ್ಟುಹೋಗುತ್ತದೆ. ಬೃಂದಾವನಕ್ಕೂ ಇದೇ ರೀತಿ 1927 ಮತ್ತು 1932 ಎಂಬ ಎರಡು ಇಸವಿಗಳಿವೆ, ಮೊದಲನೆಯದು ಕೆಲಸ ಆರಂಭವಾದದ್ದು, ಎರಡನೆಯದು ಮುಗಿದದ್ದು.

ನೀರಿನ ಬೆನ್ನು ಹಿಡಿಯುವುದು

ಇಲ್ಲಿಂದ ಮುಂದೆ ಕೆಲಸದ ತಿರುಳು. ತೋಟದೊಳಗೆ ಕಾಲಿಟ್ಟ ಕೂಡಲೇ ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಪತ್ತೆಮಾಡಿ, ಕಾಗದದ ಮೇಲೆ ಬಾಣದ ಗುರುತಿನಿಂದ ತೋರಿಸಿ. ಇಳಿಜಾರು ಕಣ್ಣಿಗೆ ಕಾಣದಿದ್ದರೆ ಮಳೆ ನಿಂತ ಮೇಲೆ ಹೋಗಿ ನೋಡುವುದು ಸುಲಭದ ಉಪಾಯ. ಅಲ್ಲಿ ಕೆಲಸ ಮಾಡುವ ಹಿರಿಯ ಮಾಲಿಯನ್ನು "ನೀರು ಎಲ್ಲಿಂದ ಬತ್ತದಣ್ಣ, ಮೊದ್ಲೂ ಅಲ್ಲಿಂದ್ಲೇ ಬತ್ತಿತ್ತಾ?" ಎಂದು ಕೇಳಿದರೆ ಒಂದು ದಿನದ ಓದಿನಲ್ಲಿ ಸಿಗದ ಮಾಹಿತಿ ಹತ್ತು ನಿಮಿಷದಲ್ಲಿ ಸಿಗುವುದುಂಟು. ಈ ಪ್ರಶ್ನೆಯ ಎರಡನೆಯ ಭಾಗವೇ ಮುಖ್ಯ. ಈಗ ಕೊಳವೆಬಾವಿಯಿಂದ ನೀರು ಬರುತ್ತಿರುವ ಎಷ್ಟೋ ಕಡೆ ಹಿಂದೆ ನಾಲೆಯೋ ತೆರೆದ ಬಾವಿಯೋ ಇರುತ್ತಿತ್ತು, ಹಳೆಯ ಪಾತಿಗಳ ಸಾಲು ಆ ಹಳೆಯ ಮೂಲದ ಕಡೆಗೆ ಮುಖಮಾಡಿಕೊಂಡಿರುತ್ತದೆ.

ರಾಷ್ಟ್ರಪತಿ ಭವನದ ಆಯತಾಕಾರದ ತೋಟದಲ್ಲಿ ಉತ್ತರ-ದಕ್ಷಿಣವಾಗಿ ಎರಡು, ಪೂರ್ವ-ಪಶ್ಚಿಮವಾಗಿ ಎರಡು ನೀರಿನ ಕಾಲುವೆಗಳು ಹರಿದು, ನೆಲವನ್ನು ಚೌಕಗಳಾಗಿ ವಿಂಗಡಿಸುತ್ತವೆ. ಕಾಲುವೆಗಳು ಕೂಡುವ ಜಾಗಗಳಲ್ಲಿ ತಾವರೆಯ ಆಕಾರದ ಆರು ಕಾರಂಜಿಗಳಿದ್ದು, ನೀರು 12 ಅಡಿಯವರೆಗೆ ಚಿಮ್ಮುತ್ತದೆ. ಇದು ಬಾಬರನ ಕಾಲದಿಂದ ಉತ್ತರ ಭಾರತದಲ್ಲಿ ಬೆಳೆದು ಬಂದ, ನಾಲ್ಕು ಭಾಗದ ತೋಟದ ಮಾದರಿ, ಅಂದರೆ ಚಾರ್ ಬಾಗ್. ಕಾಶ್ಮೀರದ ಶಾಲಿಮಾರ್ ಮತ್ತು ನಿಶಾತ್ ತೋಟಗಳಲ್ಲಿ ಬೆಟ್ಟದ ನೀರು ತಾನಾಗಿ ಇಳಿದು ಬರುವಂತೆ ಮೆಟ್ಟಿಲು ಮೆಟ್ಟಿಲಾಗಿ ನೆಲವನ್ನು ಕಟ್ಟಿದ್ದಾರೆ. ದೆಹಲಿಯ ರೈಸಿನಾ ಗುಡ್ಡದ ಮೇಲೆ ಅಂಥ ನೀರಿನ ಇಳುಕಲು ಇಲ್ಲ. ಆದ್ದರಿಂದ ಅಲ್ಲಿ ಕಾಲುವೆ ಇರುವುದು ನೀರುಣಿಸುವ ಅಗತ್ಯಕ್ಕಿಂತ ಹೆಚ್ಚಾಗಿ ನೋಟಕ್ಕೆ. ಲುಟ್ಯೆನ್ಸ್ ಇಂಗ್ಲೆಂಡಿನಲ್ಲಿ ಗರ್ಟ್ರೂಡ್ ಜೀಕಿಲ್ ಎಂಬ ತೋಟಗಾತಿಯೊಡನೆ ಹಲವು ಮನೆಗಳ ತೋಟ ರೂಪಿಸಿದ್ದವರು. ಕಾಲುವೆ ಮೊಗಲರದು, ಅದರ ಅಂಚಿನ ಹುಲ್ಲುಹಾಸು ಮತ್ತು ಬಣ್ಣಬಣ್ಣದ ಹೂವಿನ ಪಟ್ಟಿ ಇಂಗ್ಲೆಂಡಿನದು ಎಂದು ನೋಡುವವರು ಬೇರ್ಪಡಿಸಿ ಗುರುತಿಸಬಹುದು.

ಬೃಂದಾವನದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ನೀರು ನಿಜವಾಗಿಯೂ ಮೇಲಿದೆ, ತೋಟ ಕೆಳಗಿದೆ. ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ಶಾಲಿಮಾರ್ ಮಾದರಿಯಲ್ಲಿ ಮೂಡಿದ ಈ ತೋಟದ ಮೆಟ್ಟಿಲುಗಳ ಮೇಲೆ ನಿಂತು ಹಿಂದಕ್ಕೆ ತಿರುಗಿ ಕಟ್ಟೆಯನ್ನು ನೋಡಿದರೆ, ಕಾಶ್ಮೀರದಲ್ಲಿ ಬೆಟ್ಟ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಣೆಕಟ್ಟು ಮಾಡುತ್ತಿದೆ ಎಂಬುದು ತಿಳಿಯುತ್ತದೆ. ಇದು ಯಾವ ದೊರೆಯ ನಿವಾಸವೂ ಅಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೂ ನೀರಿನ ಪಾಠಕ್ಕೆ ನಮ್ಮ ಸುತ್ತ ಇದಕ್ಕಿಂತ ಸ್ಪಷ್ಟವಾದ ಜಾಗ ಇಲ್ಲ, ಹಾಗಾಗಿ ವಿದ್ಯಾರ್ಥಿಗಳನ್ನು ಮೊದಲು ಇಲ್ಲಿಗೇ ಕರೆದೊಯ್ಯುವುದು ಒಳ್ಳೆಯದು. ಸಂಜೆಯ ದೀಪದ ಹೊತ್ತಿಗೆ ಬೇಡ, ಹಗಲಿನಲ್ಲಿ.

ಶ್ರೀರಂಗಪಟ್ಟಣ ದ್ವೀಪದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಸುತ್ತಲೂ ಕಾವೇರಿ ಇದ್ದರೂ ಹೊಳೆ ತಗ್ಗಿನಲ್ಲಿ ಹರಿಯುತ್ತದೆ, ದಂಡೆಯ ಮೇಲಿನ ತೋಟಕ್ಕೆ ನೀರು ತಾನಾಗಿ ಹತ್ತುವುದಿಲ್ಲ. ಟಿಪ್ಪುವಿಗಿಂತ ಮೊದಲೇ ಒಡೆಯರ ಕಾಲದಲ್ಲಿ ಆದ ಬಂಗಾರದೊಡ್ಡಿ ನಾಲೆ ಹೊಳೆಯ ಒಂದು ಕವಲನ್ನು ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪಕ್ಕೆ ನೀರು ತರುತ್ತದೆ ಎಂಬುದನ್ನು ಗಮನಿಸಿದರೆ, ದ್ವೀಪದ ತೋಟಗಳನ್ನು ಬರೆಯುವಾಗ ನಾಲೆಯ ಹಾದಿಯನ್ನೂ ನಕ್ಷೆಯಲ್ಲಿ ಹಾಕಿಕೊಳ್ಳಬೇಕೆಂಬುದು ಸ್ಪಷ್ಟವಾಗುತ್ತದೆ. ಆ ಕಾಲದ ತೋಟಗಳಿಗೆ ನೀರೆತ್ತುತ್ತಿದ್ದ ಬಗೆಗೆ ಒಂದು ಒಳ್ಳೆಯ ಸಾಕ್ಷ್ಯ ಬೆಂಗಳೂರಿನಿಂದ ಸಿಗುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ತೋಟಗಳನ್ನು ನೋಡಿ, ಹೈದರನ ತೋಟಕ್ಕೆ ಎತ್ತುಗಳಿಂದ ಎಳೆಸುವ ಚರ್ಮದ ಬಾನಿಯ ಕಪಿಲೆಯಿಂದಲೂ ಟಿಪ್ಪುವಿನ ತೋಟಕ್ಕೆ ಯಾವ ಯಂತ್ರದ ನೆರವೂ ಇಲ್ಲದೆ ಕೆರೆಯಿಂದಲೂ ನೀರು ಬರುತ್ತಿತ್ತೆಂದು ದಾಖಲಿಸಿದ್ದಾನೆ. ಪಾತಿಗಳು ಚೌಕ ಚೌಕವಾಗಿದ್ದವು, ಓಡಾಡುವ ದಾರಿಯ ಎರಡೂ ಬದಿಗೆ ಸೈಪ್ರೆಸ್ ಮರಗಳಿದ್ದವು, ಒಂದೊಂದು ಬಗೆಯ ಗಿಡಕ್ಕೂ ಒಂದೊಂದು ತುಂಡು ನೆಲ ಬೇರೆಯಾಗಿತ್ತು. ಒಂದರ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ತಂದೆ ಮತ್ತು ಮಗನ ತೋಟಗಳ ನಡುವಿನ ವ್ಯತ್ಯಾಸವನ್ನು ಆತ ಹೂವಿನಲ್ಲಿ ಹೇಳದೆ ನೀರಿನಲ್ಲಿ ಹೇಳಿದ್ದಾನೆ ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಮರಗಳಿಗೆ ವಯಸ್ಸು ಕಟ್ಟುವುದು

ನೀರಿನ ನಕ್ಷೆ ಮುಗಿದ ಮೇಲೆ ಮರಗಳ ಪಟ್ಟಿ ಮಾಡಿ. ಪ್ರತಿಯೊಂದು ಮರದ ಹೆಸರು, ಅದು ನಿಂತ ಜಾಗ, ಎದೆಮಟ್ಟದಲ್ಲಿ ಸುತ್ತಳತೆ ಇಷ್ಟು ಸಾಕು. ಸುತ್ತಳತೆಯಿಂದ ವಯಸ್ಸನ್ನು ನೇರವಾಗಿ ಲೆಕ್ಕ ಹಾಕಲು ಹೋಗಬೇಡಿ. ನಾಲೆಯ ಪಕ್ಕದ ಮಳೆಮರ ಐವತ್ತು ವರ್ಷದಲ್ಲೇ ನೂರಾರು ವರ್ಷದ್ದೆಂಬಂತೆ ದಪ್ಪವಾಗುತ್ತದೆ, ಕಲ್ಲುನೆಲದ ಬಕುಳ ನೂರು ವರ್ಷವಾದರೂ ಸಣ್ಣಗೇ ಇರುತ್ತದೆ. ಇದಕ್ಕಿಂತ ಭದ್ರವಾದ ದಾರಿ ಎಂದರೆ ಆ ಜಾತಿಯ ಮರ ನಮ್ಮ ದೇಶಕ್ಕೆ ಯಾವಾಗ ಬಂತೆಂದು ಕೇಳುವುದು. ಕೆಂಪು ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ಸಸ್ಯಶಾಸ್ತ್ರಜ್ಞರು ಅದನ್ನು ಅಲ್ಲಿ ಗುರುತಿಸಿದ್ದೇ 1820ರ ದಶಕದಲ್ಲಿ. ಮಳೆಮರ ಅಮೆರಿಕ ಖಂಡದ್ದು, ಭಾರತದಲ್ಲಿ ಹರಡಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಜಕರಾಂಡ, ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದವು. ಶಿವನ ಗುಡಿಗಳ ಅಂಗಳದಲ್ಲಿ ಬೆಳೆಸುವ ನಾಗಲಿಂಗ ಕೂಡ ಅಲ್ಲಿಂದಲೇ ಬಂದದ್ದು ಎಂದರೆ ಮನೆಯ ಹಿರಿಯರು ಒಪ್ಪುವುದು ಕಷ್ಟ, ಆದರೆ ವಿಷಯ ಅದೇ. ಆದ್ದರಿಂದ 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಆವರಣದಲ್ಲಿ ಗುಲ್‌ಮೊಹರೋ ಮಳೆಮರವೋ ಕಂಡರೆ, ಅದು ಎಷ್ಟೇ ದೊಡ್ಡದಿರಲಿ, ಟಿಪ್ಪು ನೆಡಿಸಿದ್ದಲ್ಲ ಎಂದು ಧೈರ್ಯವಾಗಿ ಬರೆಯಬಹುದು.

ಎರಡನೆಯ ದಾರಿ, ಮರ ಕಡಿದ ಸಂದರ್ಭಗಳನ್ನು ಹುಡುಕುವುದು. ದ್ವೀಪದ ಪೂರ್ವ ತುದಿಯಲ್ಲಿ ಗಂಜಾಮಿನ ಆಚೆಗಿರುವ ಲಾಲ್ ಬಾಗ್, ಟಿಪ್ಪು 1782-84ರಲ್ಲಿ ಹೈದರನಿಗಾಗಿ ಗುಂಬಜ್ ಕಟ್ಟಿಸಿದ ತೋಟ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ರಾತ್ರಿಯ ದಾಳಿ ಮಾಡಿ ದ್ವೀಪದ ಈ ಭಾಗವನ್ನು ಹಿಡಿದಾಗ, ಕೋಟೆಯ ಮುತ್ತಿಗೆಗೆ ಬೇಕಾದ ತಡಿಕೆ, ಬುಟ್ಟಿ, ಕಟ್ಟಿಗೆಯ ಹೊರೆಗಳಿಗಾಗಿ ತೋಟದ ಮರಗಳನ್ನೇ ಕಡಿದರು. ಹೀಗಾಗಿ ಅಲ್ಲಿ ಯಾವುದೇ ಮರವನ್ನು ತೋರಿಸಿ ಅದು 1792ಕ್ಕಿಂತ ಹಿಂದಿನದು ಎನ್ನುವವರು ಗಟ್ಟಿಯಾದ ಆಧಾರ ಕೊಡಬೇಕಾಗುತ್ತದೆ. ಗುಂಬಜ್ ಉಳಿಯಿತು, ಅದರ ಬಳಿಯಿದ್ದ ಅರಮನೆ ಉಳಿಯಲಿಲ್ಲ. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ತೊಲೆಗಳನ್ನು ಬಿಚ್ಚಿ ನೀಲಗಿರಿ ಹತ್ತಿಸಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು ಎಂಬುದನ್ನು ನೆನೆದರೆ, ನೆಲದ ಚರಿತ್ರೆಗಾಗಿ ಎಷ್ಟು ದೂರ ಹೋಗಬೇಕಾದೀತು ಎಂಬುದೂ ತಿಳಿಯುತ್ತದೆ.

ಮರದ ಸುತ್ತ ಹುಟ್ಟುವ ದಂತಕಥೆಗಳ ವಿಷಯದಲ್ಲಿ ಎಚ್ಚರವಿರಲಿ. ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದ ದಕ್ಷಿಣ ಬದಿಯಲ್ಲಿದ್ದ ಹಳೆಯ ಮ್ಯಾಗ್ನೋಲಿಯಾ ಮರವನ್ನು ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ತೀರಿಕೊಂಡ ತನ್ನ ಪತ್ನಿಯ ನೆನಪಿಗೆ ನೆಟ್ಟನೆಂದು ಹೇಳುತ್ತ ಬಂದರು. ಆ ಮಾತು ಲಿಖಿತ ದಾಖಲೆಗಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದದ್ದು. 2025ರಲ್ಲಿ ಮರವನ್ನು ತೆಗೆದಾಗ ಪತ್ರಿಕೆಗಳು ಕಥೆಯನ್ನು ಮತ್ತೊಮ್ಮೆ ಮುದ್ರಿಸಿದವು. ನಮ್ಮಲ್ಲೂ 'ಮಹಾರಾಜರು ಕೈಯಾರೆ ನೆಟ್ಟದ್ದು' ಎನ್ನುವ ಮರಗಳಿಗೆ ಕೊರತೆಯಿಲ್ಲ. ಅಂಥ ಮಾತನ್ನು ಬಿಟ್ಟುಬಿಡಬೇಕಾಗಿಲ್ಲ, 'ಹೀಗೆಂದು ಹೇಳುತ್ತಾರೆ' ಎಂದು ಬರೆದು, ಹೇಳಿದವರು ಅಲ್ಲಿ ಎಷ್ಟು ಕಾಲದಿಂದ ಇದ್ದಾರೆ ಎಂಬುದನ್ನೂ ಸೇರಿಸಿದರೆ ಸಾಕು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ತೊಗಟೆ ಕೆತ್ತುವುದು, ನೆಲ ಅಗೆಯುವುದು ಮಾಡಕೂಡದು. ಸ್ಟ್ಯಾಂಡ್ ಇಟ್ಟು ಕ್ಯಾಮೆರಾ ಹೂಡುವುದಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಹುಲ್ಲನ್ನೂ ಮರೆಯಬೇಡಿ. ರಾಷ್ಟ್ರಪತಿ ಭವನದ ತೋಟದ ಹುಲ್ಲುಹಾಸಿಗೆ ಮೊದಲಿಗೆ ತಂದದ್ದು ಕಲ್ಕತ್ತೆಯ ಬೆಲ್ವೆಡಿಯರ್ ಆವರಣದ ದೂಬ್ ಹುಲ್ಲು, ಅಂದರೆ ನಾವು ಗಣಪತಿಗೆ ಏರಿಸುವ ಗರಿಕೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಆ ಹಾಸನ್ನು ಪೂರ್ತಿ ತಿರುವಿಹಾಕಿ, ಮೇಲೆ ಹೊಸ ಮಣ್ಣು ಹರಡಿ, ಹುಲ್ಲು ಮತ್ತೆ ಚಿಗುರಲು ಸುಮಾರು ಮೂರು ವಾರ ಬಿಡುತ್ತಾರೆ. ಹಳೆಯ ರಾಜಧಾನಿಯ ಹುಲ್ಲು ಹೊಸ ರಾಜಧಾನಿಗೆ ಬಂದ ಈ ಸಂಗತಿಯನ್ನು ಹೂವಿನ ಪಟ್ಟಿಯ ನಡುವೆ ಹುದುಗಿಸಿಬಿಡುವ ಲೇಖಕರು ಒಳ್ಳೆಯ ಅವಕಾಶವೊಂದನ್ನು ಕಳೆದುಕೊಳ್ಳುತ್ತಾರೆ.

ಅಡುಗೆಮನೆಯ ಮೂಲೆ ಮತ್ತು ಬಾಗಿಲು

ಆಳುವವರ ತೋಟದಲ್ಲಿ ಏನು ತಿನ್ನಲು ಬೆಳೆದರು ಎಂಬ ಪ್ರಶ್ನೆ ಬರಗಾಲಕ್ಕೂ ಯುದ್ಧಕ್ಕೂ ನೇರವಾಗಿ ಕೊಂಡೊಯ್ಯುತ್ತದೆ. ಸಿ. ರಾಜಗೋಪಾಲಾಚಾರಿಯವರು 1948ರಲ್ಲಿ ಗವರ್ನರ್ ಜನರಲ್ ಆಗಿ ಈಗಿನ ರಾಷ್ಟ್ರಪತಿ ಭವನಕ್ಕೆ ಬಂದಾಗ ದೇಶದಲ್ಲಿ ಆಹಾರದ ಅಭಾವವಿತ್ತು. ಅವರು ಆವರಣದ ಒಂದು ಭಾಗವನ್ನು ಉಳುಮೆಗೆ ಬಿಡಿಸಿ, ತಾವೇ ನೇಗಿಲು ಹಿಡಿದು ಧಾನ್ಯ ಬೆಳೆಸಿದರು. ಭವನದ ಪಶ್ಚಿಮಕ್ಕಿರುವ ಆ ಭಾಗ ದಾಲಿಖಾನಾ ಎಂಬ ಹೆಸರಿನಲ್ಲಿ ಇಂದಿಗೂ ತರಕಾರಿ ಬೆಳೆಯುವ ತೋಟವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದ ಹುಲ್ಲುಗಾವಲಿಗೆ ಕುರಿ ಬಿಡಿಸಿ, ಅವುಗಳ ಉಣ್ಣೆಯನ್ನು ಹರಾಜು ಹಾಕಿ ಹಣವನ್ನು ರೆಡ್ ಕ್ರಾಸಿಗೆ ಕೊಡಿಸಿದ್ದರು. 1943ರಲ್ಲಿ ಎಲಿನಾರ್ ರೂಸ್‌ವೆಲ್ಟ್, 2009ರಲ್ಲಿ ಮಿಶೆಲ್ ಒಬಾಮ ಅಲ್ಲೇ ತರಕಾರಿ ಬೆಳೆಸಿದರು. ಇಂಥ ಕೆಲಸಗಳಲ್ಲಿ ಪ್ರದರ್ಶನದ ಪಾಲೂ ಇರುತ್ತದೆ ಎಂಬುದು ನಿಜ. ಎಷ್ಟು ಬೆಳೆದರು, ಅದು ಯಾರ ಊಟಕ್ಕೆ ಹೋಯಿತು ಎಂದು ಕೇಳಿದರೆ ಪ್ರದರ್ಶನ ಯಾವುದು, ಬೇಸಾಯ ಯಾವುದು ಎಂಬುದು ಬೇರ್ಪಡುತ್ತದೆ.

ಬಾಗಿಲಿನ ಪ್ರಶ್ನೆಯೂ ಇಷ್ಟೇ ಮುಖ್ಯ. ಯಾರಿಗೆ ಪ್ರವೇಶವಿತ್ತು, ಯಾವಾಗ ಬದಲಾಯಿತು? ರಾಷ್ಟ್ರಪತಿ ಭವನದ ಆಯತ ತೋಟದ ಆಚೆಗಿರುವ ಉದ್ದನೆಯ ತೋಟಕ್ಕೆ ಪರ್ದಾ ತೋಟವೆಂಬ ಹೆಸರೂ ಇದ್ದು, ಸುಮಾರು 12 ಅಡಿ ಎತ್ತರದ ಗೋಡೆ ಅದನ್ನು ಸುತ್ತುವರಿದಿದೆ. ಅದನ್ನು ದಾಟಿದರೆ ಮಧ್ಯದಲ್ಲಿ ಕೊಳವಿದ್ದು ಸುತ್ತ ಮೆಟ್ಟಿಲಾಗಿ ಇಳಿಯುವ ವೃತ್ತಾಕಾರದ ತೋಟ. ಇವೆಲ್ಲ ವೈಸ್‌ರಾಯರ ಕಾಲದಲ್ಲಿ ಆಹ್ವಾನಿತರಿಗಷ್ಟೇ ತೆರೆದಿದ್ದವು. ಸಾಮಾನ್ಯ ಜನ ಒಳಗೆ ಬರುವಂತಾದದ್ದು 1950ರಲ್ಲಿ ರಾಷ್ಟ್ರಪತಿಯಾದ ರಾಜೇಂದ್ರ ಪ್ರಸಾದರ ಕಾಲದಿಂದ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಅವಧಿಯಲ್ಲಿ ಔಷಧಿ ಸಸ್ಯಗಳ ತೋಟ ಮತ್ತು ದೃಷ್ಟಿಹೀನರು ಮುಟ್ಟಿ, ಮೂಸಿ ಅರಿಯುವಂಥ ತೋಟ ಸೇರಿದವು. 2023ರ ಜನವರಿ 28ರಂದು ಮೊಗಲ್ ಗಾರ್ಡನ್ ಎಂಬ ಹೆಸರಿನ ಬದಲಿಗೆ ಅಮೃತ ಉದ್ಯಾನ ಎಂಬ ಹೆಸರು ಬಂತು. ಬರೆಯುವಾಗ ಆಯಾ ಕಾಲದ ಸಂಗತಿಗೆ ಆಯಾ ಕಾಲದ ಹೆಸರನ್ನೇ ಬಳಸಿ, ಬದಲಾದ ದಿನವನ್ನು ಒಮ್ಮೆ ಹೇಳಿ ಮುಂದೆ ಹೋಗುವುದು ಲೇಸು. ನೋಡಲು ಹೋಗುವವರು ಚಳಿಗಾಲದ ಕೊನೆಗೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಹೋಗಬೇಕು; ಪ್ರವೇಶಕ್ಕೆ ಹಣವಿಲ್ಲ, ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿಕೊಳ್ಳಬಹುದು.

ಮನೆಯ ಬಳಕೆ ಬದಲಾದಾಗ ತೋಟವೂ ಬದಲಾಗುತ್ತದೆ. ಟಿಪ್ಪುವಿನ ಬೇಸಿಗೆಯ ಅರಮನೆಯಾಗಿದ್ದ ದರಿಯಾ ದೌಲತ್ತಿನಲ್ಲಿ 1799ರ ನಂತರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದ್ದ. ಈಗ ಅದು ಟಿಕೆಟ್ ಪಡೆದು ನೋಡುವ ಸ್ಮಾರಕ. ವೈಸ್‌ರಾಯರು ಬಂದರೆ ಇಳಿದುಕೊಳ್ಳಲೆಂದು 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಲು ಆರಂಭಿಸಿದ ಲಲಿತ ಮಹಲ್ ಆಮೇಲೆ ಹೋಟೆಲಾಯಿತು. ವಾಸ, ಸೇನೆ, ಸ್ಮಾರಕ, ಹೋಟೆಲು ಇವು ಪ್ರತಿಯೊಂದಕ್ಕೂ ತೋಟದಿಂದ ಬೇಕಾಗುವುದು ಬೇರೆ ಬೇರೆ. ಬಳಕೆ ಬದಲಾದ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮರಗಳ ಪಟ್ಟಿಯ ಪಕ್ಕ ಇಟ್ಟುಕೊಳ್ಳಿ.

ಕೈಗಳು, ಕಾಗದಗಳು

ತೋಟವನ್ನು ರೂಪಿಸಿದವರ ಹೆಸರು ಹುಡುಕುವಾಗ ವಾಸ್ತುಶಿಲ್ಪಿಯ ಹೆಸರಿಗೆ ನಿಲ್ಲಬೇಡಿ. ಲುಟ್ಯೆನ್ಸ್ ಗೆರೆ ಎಳೆದರು, ಗಿಡ ಬದುಕಿಸಿದವರು ತೋಟಗಾರಿಕೆಯ ಮುಖ್ಯಸ್ಥ ವಿಲಿಯಂ ಮಸ್ಟೋ. ಮೈಸೂರು ಸಂಸ್ಥಾನದಲ್ಲಿ ಇದೇ ಸ್ಥಾನದಲ್ಲಿದ್ದವರು ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದ ಮೂಲಕ 1908ರಲ್ಲಿ ಇಲ್ಲಿಗೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬೆಂಗಳೂರಿನ ಲಾಲ್‌ಬಾಗಿನಿಂದ ಬೃಂದಾವನದವರೆಗೆ ಅವರ ಕೈವಾಡ ಇದೆ. ಇವರ ಕೆಳಗೆ ಗುದ್ದಲಿ ಹಿಡಿದವರ ಹೆಸರು ಮುದ್ರಿತ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಅವು ಸಿಕ್ಕರೆ ಸಂಬಳದ ಪಟ್ಟಿ, ಹಾಜರಿ ಪುಸ್ತಕ, ಖರ್ಚಿನ ಓಚರುಗಳಲ್ಲಿ ಸಿಗಬೇಕು. ಇದಕ್ಕಾಗಿ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಅರಮನೆ ಮತ್ತು ತೋಟಗಾರಿಕೆ ಕಡತಗಳನ್ನು ಕೇಳಿ. 'ತೋಟದ ಚರಿತ್ರೆ' ಎಂದು ಕೇಳಿದರೆ ಏನೂ ಇಲ್ಲ ಎನ್ನುವ ಗುಮಾಸ್ತರೇ 'ಪೈಪು ರಿಪೇರಿ', 'ಬೇಲಿ', 'ಬೀಜ ಖರೀದಿ' ಎಂದು ಕೇಳಿದಾಗ ಕಡತದ ಕಟ್ಟು ತಂದಿಡುವುದುಂಟು.

ಮುದ್ರಿತ ಆಧಾರಗಳಲ್ಲಿ ಬಿ.ಎಲ್. ರೈಸ್ ಮತ್ತು ಸಿ. ಹಯವದನ ರಾವ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ಗಳು, 1885ರಲ್ಲಿ ಆರಂಭವಾದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ಸರ್ವೆ ನಕ್ಷೆಗಳು ಇವು ಮೂರನ್ನೂ ನೋಡಲೇಬೇಕು. ಹಳೆಯ ಫೋಟೊ ಸಿಕ್ಕಾಗ ಕಟ್ಟಡವನ್ನು ಬೆರಳಿನಿಂದ ಮುಚ್ಚಿ, ಅಂಚಿನಲ್ಲಿ ಕಾಣುವ ಮರಗಳ ಎತ್ತರ, ಬೇಲಿ, ದಾರಿಯ ತಿರುವು ಇವನ್ನು ಮಾತ್ರ ನೋಡುವ ಅಭ್ಯಾಸ ಮಾಡಿಕೊಳ್ಳಿ, ಫೋಟೊ ತೆಗೆದವನ ಗಮನಕ್ಕೆ ಬಾರದ ಸಂಗತಿಗಳೇ ನಮಗೆ ಬೇಕಾದವು.

ಹೆಸರುಗಳ ಗೊಂದಲಕ್ಕೆ ಮೈಸೂರಿನಲ್ಲೇ ಒಂದು ಉದಾಹರಣೆ ಇದೆ. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ಈಗಿನ ಅಂಬಾ ವಿಲಾಸ ಅರಮನೆಯ ನಕ್ಷೆ ಮಾಡಿದವರು ಹೆನ್ರಿ ಇರ್ವಿನ್; ಸಿಮ್ಲಾದಲ್ಲಿ 1888ರಲ್ಲಿ ಮುಗಿದ ವೈಸ್‌ರಾಯರ ಬೇಸಿಗೆ ನಿವಾಸವೂ ಇವರ ಕೃತಿ. ದೆಹಲಿಯ ಭವನದಲ್ಲಿ ಮೊದಲು ವಾಸಿಸಿದ ವೈಸ್‌ರಾಯ್ ಲಾರ್ಡ್ ಇರ್ವಿನ್ ಬೇರೆ. ಮಂಡ್ಯದ ಗದ್ದೆಗಳಿಗೆ ನೀರು ಕೊಡುವ ವಿಶ್ವೇಶ್ವರಯ್ಯ ನಾಲೆಗೆ ಆರಂಭದಲ್ಲಿ ಇದ್ದದ್ದು ಈ ವೈಸ್‌ರಾಯರ ಹೆಸರು. ಸಿಮ್ಲಾದ ಆ ನಿವಾಸ ಸ್ವಾತಂತ್ರ್ಯಾನಂತರ ರಾಷ್ಟ್ರಪತಿ ನಿವಾಸವಾಗಿ, 1965ರಲ್ಲಿ ಉನ್ನತ ಅಧ್ಯಯನ ಸಂಸ್ಥೆಗೆ ಸೇರಿತು. ಆಗ ರಾಷ್ಟ್ರಪತಿಯಾಗಿದ್ದವರು ಹಿಂದೊಮ್ಮೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ ಎಸ್. ರಾಧಾಕೃಷ್ಣನ್. ಒಬ್ಬ ಇರ್ವಿನ್‌ನ ಜಾಗದಲ್ಲಿ ಇನ್ನೊಬ್ಬನನ್ನು ಇಟ್ಟರೆ ಅರಮನೆ, ನಾಲೆ, ನಿವಾಸ ಮೂರೂ ಕಲಸಿಹೋಗುತ್ತವೆ, ಆದ್ದರಿಂದ ಟಿಪ್ಪಣಿಯಲ್ಲಿ ಪೂರ್ತಿ ಹೆಸರು ಮತ್ತು ಹುದ್ದೆ ಬರೆಯುವುದನ್ನು ತಪ್ಪಿಸಬೇಡಿ.

ಬರವಣಿಗೆಗೆ ಕೂತಾಗ ದೊರೆಗಳ ಅನುಕ್ರಮದಲ್ಲಿ ಅಧ್ಯಾಯ ಮಾಡುವ ಮೋಹ ಬರುತ್ತದೆ. ಹಾಗೆ ಮಾಡಿದರೆ ತೋಟ ಅವರ ಹಿಂದಿನ ಪರದೆಯಾಗಿಬಿಡುತ್ತದೆ. ಬದಲಿಗೆ ಮೊದಲು ನೆಲ ಮತ್ತು ಹಳೆಯ ಊರು, ಆಮೇಲೆ ನೀರು, ಆಮೇಲೆ ಗೋಡೆ ಮತ್ತು ಬಾಗಿಲು, ಮರ, ಬೆಳೆ, ಕೆಲಸದವರು ಎಂಬ ಕ್ರಮ ಹಿಡಿದು, ಪ್ರತಿ ಭಾಗದಲ್ಲೂ ಬೇಕಾದಲ್ಲಿ ದೊರೆಯ ಹೆಸರು ಬರಲಿ. ಕಂಡದ್ದನ್ನು ಕಂಡೆ ಎಂದೂ, ಓದಿದ್ದನ್ನು ಓದಿದೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಕ್ರಿಯಾಪದಗಳಲ್ಲಿ ಬರೆಯಿರಿ. ಗುಲಾಬಿಯ ತಳಿಗಳು, ಹಂಗಾಮಿನ ಹೂವುಗಳು ಕೊನೆಯ ಭಾಗಕ್ಕೆ ಬರಲಿ, ನೋಡಿದ ತಿಂಗಳು ಮತ್ತು ವರ್ಷದ ಸಮೇತ. ಮುಂದೆ ಬರುವವರು ಆ ಪಾತಿಯಲ್ಲಿ ಬೇರೆ ಹೂವು ಕಂಡರೆ ನಿಮ್ಮ ಪಟ್ಟಿ ಯಾವ ಹಂಗಾಮಿನದು ಎಂಬುದು ಅವರಿಗೆ ತಿಳಿಯಬೇಕು.